ಮುಕ್ಕಾಲು ಸಾರ್ ಮಾಡಿದ ನಲವತ್ತು ಅಂದಾಜು

ಅಂದಾಜು ವಿಭಾಗ ಇದ್ದದ್ದು ಮೂರನೆಯ ಮಹಡಿಯಲ್ಲಿ. ಲಿಫ್ಟು ಎರಡನೆಯದರಲ್ಲೇ ನಿಲ್ಲುತ್ತಿತ್ತು. ಮಿಕ್ಕ ಹದಿನೆಂಟು ಮೆಟ್ಟಿಲು ಹತ್ತಿಕೊಂಡು ಯಾರೂ ಬರುತ್ತಿರಲಿಲ್ಲವಾದ್ದರಿಂದ ಅಲ್ಲಿನ ಮೂವರಿಗೂ ಒಂದು ಬಗೆಯ ನೆಮ್ಮದಿ ಇತ್ತು. ಒಬ್ಬರು ಮುಖ್ಯಸ್ಥರು. ಅವರ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಆ ಕಟ್ಟಡದಲ್ಲಿ ಖಚಿತವಾಗಿ ಹೇಳಬಹುದಾಗಿದ್ದ ಅಂಕಿ ಅದೊಂದೇ. ಇನ್ನೊಬ್ಬ ಸಂಖ್ಯಾಶಾಸ್ತ್ರದವನು, ಐವತ್ತು ದಾಟಿದ ಬೋಳುತಲೆಯವನು. ಎಲ್ಲರ ಬಾಯಲ್ಲೂ ಅವನು ಅಂಕಿಯಣ್ಣ. ಮೂರನೆಯವಳು ಭೂವಿಜ್ಞಾನಿ. ಅವಳಿಗೆ ಅಡ್ಡಹೆಸರು ಇರಲಿಲ್ಲ. ಅವಳ ತಂದೆಗೆ ಇದ್ದದ್ದೇ ಇಬ್ಬರಿಗೆ ಸಾಕಾಗುವಷ್ಟಿತ್ತು.

ಇವರ ಕೆಲಸ ಹೇಳಿಕೊಳ್ಳಲು ಸುಲಭ, ಕೇಳಿದವರು ನಂಬುವುದು ಕಷ್ಟ. ಜಗತ್ತಿನಲ್ಲಿ ಈಗಾಗಲೇ ಪತ್ತೆಯಾಗಿರುವ ತೈಲ ಮತ್ತು ಅನಿಲದ ನಿಕ್ಷೇಪಗಳು ಮುಂದಿನ ಮೂವತ್ತು ವರ್ಷಗಳಲ್ಲಿ ಎಷ್ಟು ಬೆಳೆಯುತ್ತವೆ ಎಂದು ಇವರು ಹೇಳಬೇಕು. ಹೊಸದಾಗಿ ಸಿಗುವುದರ ಮಾತಲ್ಲ. ಸಿಕ್ಕಿರುವುದೇ ಬೆಳೆಯುವ ಮಾತು.

"ಎಣ್ಣೆ ಎಲ್ಲಾದ್ರೂ ಬೆಳೆಯುತ್ತೇನೇ? ಅದೇನು ಕುಂಬಳಕಾಯಿಯಾ?" ಎಂದು ಭೂವಿಜ್ಞಾನಿಯ ಸೋದರತ್ತೆ ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಿದ್ದಳು.

"ಎಣ್ಣೆ ಬೆಳೆಯಲ್ಲ ಅತ್ತೆ. ಎಣ್ಣೆ ಇಷ್ಟಿದೆ ಅಂತ ನಾವು ಹೇಳ್ತೀವಲ್ಲ, ಆ ಅಂಕಿ ಬೆಳೆಯುತ್ತೆ."

"ಹಾಗಾದ್ರೆ ನಿಮ್ಮ ಬಾಯಿ ಬೆಳೆಯುತ್ತೆ ಅನ್ನು."

ವಿಭಾಗದ ಇಡೀ ತಾಂತ್ರಿಕ ಟಿಪ್ಪಣಿಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆದಿರಲಿಲ್ಲ. ಮೊದಲ ವರ್ಷ ನೂರು ಎಂದು ಘೋಷಿಸಿದ ತೈಲಕ್ಷೇತ್ರವನ್ನು ಹತ್ತು ವರ್ಷದ ಮೇಲೆ ನೂರೈವತ್ತು ಎನ್ನುತ್ತಾರೆ, ಮೂವತ್ತು ವರ್ಷದ ಮೇಲೆ ಇನ್ನೂರ ನಲವತ್ತು ಎನ್ನುತ್ತಾರೆ. ಅಕ್ಕಪಕ್ಕ ಇನ್ನಷ್ಟು ಬಾವಿ ಕೊರೆದಿರುತ್ತಾರೆ, ಹಿಂಡಿ ತೆಗೆಯುವ ಹೊಸ ಉಪಾಯ ಬಂದಿರುತ್ತದೆ, ಇಲ್ಲವೇ ಮೊದಲ ಅಂದಾಜೇ ಅಂಜುತ್ತ ಮಾಡಿದ್ದಾಗಿರುತ್ತದೆ. ಕ್ಷೇತ್ರದ ವಯಸ್ಸು ಇಷ್ಟಾದರೆ ಅಂಕಿಯನ್ನು ಇಷ್ಟರಿಂದ ಗುಣಿಸಬೇಕು ಎಂದು ಹೇಳುವ ಒಂದು ಪಟ್ಟಿ ಇವರ ಬಳಿ ಇತ್ತು. ಅದರ ಕೊನೆಯ ಸಾಲಿನಲ್ಲಿ, ಮೂವತ್ತು ವರ್ಷದ ಎದುರಿಗೆ, ಎರಡು ಪಾಯಿಂಟ್ ನಾಲ್ಕು ಎಂದಿತ್ತು.

ಆ ಪಟ್ಟಿ ಹುಟ್ಟಿದ್ದು ನಲವತ್ತು ಕ್ಷೇತ್ರಗಳ ಚರಿತ್ರೆಯಿಂದ. ಜಗತ್ತಿನಲ್ಲಿ ಸಾವಿರಾರು ಕ್ಷೇತ್ರಗಳಿದ್ದರೂ ಹೊಸ ಅಂಕಿ ಬಂದ ದಿನವೇ ಹಳೆಯದನ್ನು ಹರಿದೆಸೆಯುವುದು ಎಲ್ಲ ಕಡೆಯ ಪದ್ಧತಿ. ವರ್ಷ ವರ್ಷದ ಅಂಕಿಯನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದದ್ದು ಈ ದೇಶದ ಒಂದು ಹಳೆಯ ಕಂಪನಿ ಮಾತ್ರ. ಹೀಗಾಗಿ ಆ ಕಂಪನಿಯ ನಲವತ್ತು ಕ್ಷೇತ್ರಗಳು ಹೇಗೆ ಬೆಳೆದವೋ ಜಗತ್ತಿನ ಕ್ಷೇತ್ರಗಳೆಲ್ಲ ಹಾಗೇ ಬೆಳೆಯತಕ್ಕದ್ದು ಎಂದು ತೀರ್ಮಾನವಾಗಿತ್ತು. ಆ ನಲವತ್ತರ ಮೊದಲ ಅಂದಾಜನ್ನು ಮಾಡಿದವರು ಒಬ್ಬರೇ: ಭೂವಿಜ್ಞಾನಿಯ ತಂದೆ.

ಶುಕ್ರವಾರ ಮಧ್ಯಾಹ್ನ ಅಂಕಿಯಣ್ಣ ಗುಣಾಕಾರ ಮುಗಿಸಿ ಹಾಳೆಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟ.

"ಅರವತ್ತೆರಡು ಸಾವಿರ ಕೋಟಿ ಬ್ಯಾರೆಲ್ ಬೆಳೆಯುತ್ತೆ ಸಾರ್. ಅನಿಲ ಬೇರೆ."

ಮುಖ್ಯಸ್ಥರು ಕನ್ನಡಕ ಏರಿಸಿದರು. "ಚೆನ್ನಾಗಿದೆ. ವರದಿ ಗುರುವಾರ ಸಚಿವಾಲಯಕ್ಕೆ ಹೋಗ್ಬೇಕು. ಆಧಾರದ ಪುಟಕ್ಕೆ ಸಹಿ ಆಯ್ತೇನಮ್ಮಾ?"

ವರದಿಯ ಕೊನೆಯಲ್ಲಿ ಆಧಾರದ ಪುಟ ಎಂದು ಒಂದಿರುತ್ತಿತ್ತು. ಪಟ್ಟಿಯಲ್ಲಿರುವ ಬೆಳವಣಿಗೆ ಯಾವ ಕಾರಣದಿಂದ ಆಯಿತು, ಅದೇ ಕಾರಣ ಬೇರೆ ದೇಶಗಳಲ್ಲೂ ಇದೆಯೇ ಎಂದು ಬರೆದು ಭೂವಿಜ್ಞಾನಿ ಸಹಿ ಹಾಕಬೇಕು. ಹಿಂದಿದ್ದವರು ಎಲ್ಲ ಸಲವೂ 'ತಂತ್ರಜ್ಞಾನದ ಪ್ರಗತಿ' ಎಂದು ಬರೆದು ಊಟಕ್ಕೆ ಹೋಗಿದ್ದರು. ಇದು ಅವಳ ಮೊದಲ ಸಹಿ.

"ಕಾರಣ ಗೊತ್ತಿಲ್ಲ ಸಾರ್," ಎಂದಳು.

"ಗೊತ್ತಿಲ್ದೇ ಇದ್ರೆ ತಂತ್ರಜ್ಞಾನ ಅಂತ ಬರಿ."

"ಈ ನಲವತ್ತರಲ್ಲಿ ಹದಿನಾರಕ್ಕೆ ಒಂದು ಹೊಸ ಬಾವೀನೂ ಬಿದ್ದಿಲ್ಲ, ಹೊಸ ಯಂತ್ರಾನೂ ಹೋಗಿಲ್ಲ. ಅವೂ ಎರಡು ಪಾಯಿಂಟ್ ನಾಲ್ಕರಷ್ಟೇ ಬೆಳೆದಿವೆ."

ಅಂಕಿಯಣ್ಣ ಬೋಳುತಲೆ ಸವರಿಕೊಂಡ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನಾವು. ಈಯ್ತೋ ಇಲ್ವೋ ನೋಡೋಕೆ ಹೋಗ್ಬೇಕು ಅಂತೀಯಲ್ಲ ತಾಯೀ."

"ಅಂದಾಜು ಮಾಡಿದವರು ಮನೇಲೇ ಇದಾರಲ್ಲ, ಕೇಳಿಬಿಡು," ಎಂದರು ಮುಖ್ಯಸ್ಥರು. "ನಿಮ್ಮಪ್ಪ ತಂತ್ರಜ್ಞಾನ ಅಂದ್ರೆ ಸೋಮವಾರ ಸಹಿ ಹಾಕು."

ಭಾನುವಾರ ಬೆಳಿಗ್ಗೆ ಅವಳು ಬಸ್ಸು ಹಿಡಿದು ತಂದೆಯ ಮನೆಗೆ ಹೋದಳು. ನಾಲ್ಕು ಅಂತಸ್ತಿನ ಕಟ್ಟಡ, ಎರಡನೆಯ ಅಂತಸ್ತು, ಎರಡು ಕೋಣೆ. ತಂದೆಯ ಜೊತೆಗೆ ಅವರ ತಂಗಿ, ಅಂದರೆ ಕುಂಬಳಕಾಯಿಯ ಪ್ರಶ್ನೆ ಕೇಳುತ್ತಿದ್ದ ಸೋದರತ್ತೆ, ಇದ್ದಳು. ತಂದೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಮುಂದಿನ ವಾರ ಅವರ ಭಾಷಣವಿತ್ತು.

ಈ ಭಾಷಣದ ವಿಷಯ ಸ್ವಲ್ಪ ಹೇಳಬೇಕು. ಕಂಪನಿ ಬಿಟ್ಟು ಹದಿನೆಂಟು ವರ್ಷವಾದರೂ ಹೊಸದಾಗಿ ಸೇರಿದ ಎಂಜಿನಿಯರುಗಳ ಮುಂದೆ ಮಾತಾಡಲು ವರ್ಷಕ್ಕೊಮ್ಮೆ ಅವರನ್ನು ಕರೆಯುತ್ತಿದ್ದರು. ಕಾರು ಬರುತ್ತಿತ್ತು. 'ಎಂದೂ ತಪ್ಪದ ಅಂದಾಜುಗಾರ' ಎಂದು ಪರಿಚಯಿಸುತ್ತಿದ್ದರು, ಏಕೆಂದರೆ ಅವರು ಹೇಳಿದ್ದಕ್ಕಿಂತ ಒಂದು ಬ್ಯಾರೆಲ್ ಕಡಿಮೆ ಕೊಟ್ಟ ಕ್ಷೇತ್ರವೇ ಇರಲಿಲ್ಲ. ಒಂದು ಗಂಟೆಯ ಮಾತು, ಆಮೇಲೆ ಚಹಾ, ಆಮೇಲೆ ಮತ್ತೆ ಕಾರು. ವರ್ಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರು ಬದುಕುತ್ತಿದ್ದದ್ದು ಈ ಒಂದು ದಿನದ ಎರಡು ಬದಿಯಲ್ಲಿ. ಅಲ್ಲಿನವರೇ ಇಟ್ಟ ಹೆಸರು ಮುಕ್ಕಾಲು ಸಾರ್. ಅವರು ಚಹಾದ ಲೋಟವನ್ನು ಎಂದೂ ಮುಕ್ಕಾಲಿನ ಮೇಲೆ ತುಂಬಿಸಿದವರಲ್ಲ, ಪೆಟ್ಟಿಗೆಯನ್ನೂ ಅಷ್ಟೆ, ಬಸ್ಸು ಮುಕ್ಕಾಲು ತುಂಬಿದ್ದರೆ ಮುಂದಿನದಕ್ಕೆ ಕಾಯುತ್ತಿದ್ದರು.

"ಅಪ್ಪ, ಒಂದು ವಿಷಯ ಕೇಳ್ಬೇಕಿತ್ತು. ನಿಮ್ಮ ನಲವತ್ತು ಕ್ಷೇತ್ರ ಯಾಕೆ ಬೆಳೆದ್ವು?"

ತಂದೆ ಇಸ್ತ್ರಿಯನ್ನು ನಿಲ್ಲಿಸಿಟ್ಟರು. ಮುಖದಲ್ಲಿ, ಯಾರೋ ಕೊನೆಗೂ ಸರಿಯಾದ ಪ್ರಶ್ನೆ ಕೇಳಿದರು ಎಂಬಂಥ ಒಂದು ನಗು ಬಂತು.

"ಬೆಳೆದ್ವು ಅಂತ ಯಾರು ಹೇಳಿದ್ದು?"

"ಎಲ್ಲರೂ."

"ಏಣಿ ತಗೊಂಡ್ಬಾ."

ಬೀರುವಿನ ಮೇಲೆ ತಗಡಿನ ಉದ್ದನೆಯ ಕೊಳವೆಗಳಿದ್ದವು, ಒಟ್ಟು ಎಂಟು. ಕಂಪನಿ ಕಟ್ಟಡ ಬದಲಾಯಿಸಿದಾಗ ಕಸಕ್ಕೆ ಹಾಕಿದ್ದನ್ನು ಇವರು ಹೊತ್ತು ತಂದಿದ್ದರು. ಒಂದೊಂದರಲ್ಲಿ ಐದೈದು ನಕ್ಷೆ, ಸುರುಳಿ ಸುತ್ತಿದ್ದು. ತಂದೆ ಮೊದಲನೆಯದನ್ನು ನೆಲದ ಮೇಲೆ ಹರವಿ ಮೂಲೆಗಳ ಮೇಲೆ ಒಂದು ಚಪ್ಪಲಿ, ಒಂದು ಲೋಟ, ಇಸ್ತ್ರಿಪೆಟ್ಟಿಗೆಯ ತಂತಿ, ತಂಗಿಯ ಕನ್ನಡಕದ ಡಬ್ಬಿ ಇಟ್ಟರು.

"ನನ್ನ ಕನ್ನಡಕ!" ಎಂದಳು ಅತ್ತೆ.

"ಅಂಕಿ ಓದೋದು ನಾವು, ನೀನಲ್ಲ," ಎಂದು ತಂದೆ ನಕ್ಷೆಯ ಒಂದು ಅಂಚನ್ನು ಮಡಚಿ ಬೆನ್ನು ತೋರಿಸಿದರು. ಅಲ್ಲಿ ಪೆನ್ಸಿಲಿನಲ್ಲಿ ಅರವತ್ತನಾಲ್ಕು ಕೋಟಿ ಎಂದು ಬರೆದು ತಾರೀಖು ಹಾಕಿತ್ತು. ಮುಂದಿನ ಬದಿಯಲ್ಲಿ ಶಾಯಿಯಲ್ಲಿದ್ದದ್ದು ನಲವತ್ತೆಂಟು.

"ಪೆನ್ಸಿಲ್ ನನಗೆ, ಶಾಯಿ ಕಂಪನಿಗೆ."

"ಹದಿನಾರು ಕೋಟಿ ಎಲ್ಹೋಯ್ತು ಅಪ್ಪ?"

"ಎಲ್ಲೂ ಹೋಗಿಲ್ಲ. ನೆಲದಲ್ಲೇ ಇತ್ತು. ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ಇದ್ದ, ಪಾಪ, ಬುದ್ಧಿವಂತ. ಇರೋದನ್ನ ಇದ್ದ ಹಾಗೆ ಹೇಳಿದ. ಕಂಪನಿಯವರು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು, ಕೊಳವೆ ಮಾರ್ಗ ಹಾಕಿಸಿದ್ರು. ಹೇಳಿದ್ದರಲ್ಲಿ ತೊಂಬತ್ತು ಪಾಲು ಬಂತು. ಹತ್ತು ಬರ್ಲಿಲ್ಲ. ಅವನನ್ನ ಮನೆಗೆ ಕಳಿಸಿದ್ರು. ಕಡಿಮೆ ಹೇಳಿ ಕೆಲಸ ಕಳಕೊಂಡವನನ್ನ ನಾನು ಇದುವರೆಗೂ ನೋಡಿಲ್ಲ."

ಮಗಳು ಚೀಲದಿಂದ ತನ್ನ ಹಾಳೆಗಳನ್ನು ತೆಗೆದಳು. ಕಂಪನಿಯ ಮೊದಲ ವರ್ಷದ ವರದಿಯಲ್ಲಿ ಈ ಕ್ಷೇತ್ರಕ್ಕೆ ಅಚ್ಚಾಗಿದ್ದ ಅಂಕಿ ನಲವತ್ತೆಂಟಲ್ಲ, ಇಪ್ಪತ್ತೇಳು.

"ಅದು ನನಗೂ ಗೊತ್ತು," ಎಂದರು ತಂದೆ. "ನನಗೂ ಅಚ್ಚಿನ ಮನೆಗೂ ನಡುವೆ ಇಬ್ಬರು ಮೇಲಧಿಕಾರಿಗಳಿದ್ರು."

ಅವಳು ಪೆನ್ನು ಹಿಡಿದಳು. ಅರವತ್ತನಾಲ್ಕರ ಮುಕ್ಕಾಲು ನಲವತ್ತೆಂಟು. ನಲವತ್ತೆಂಟರ ಮುಕ್ಕಾಲು ಮೂವತ್ತಾರು. ಮೂವತ್ತಾರರ ಮುಕ್ಕಾಲು ಇಪ್ಪತ್ತೇಳು. ಮೂವರು ಅಂಜುಕುಳಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ತಾನೊಬ್ಬನೇ ಎಚ್ಚರದ ಮನುಷ್ಯ ಎಂದುಕೊಂಡು, ಮೂರು ಸಲ ಕಾಲುಭಾಗ ಕತ್ತರಿಸಿದ್ದರು. ನಂತರದ ಮೂವತ್ತು ವರ್ಷದಲ್ಲಿ ಆ ಮೂವರೂ ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು, ಅಂಕಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಿತ್ತು. ಈ ವರ್ಷದ ವರದಿಯಲ್ಲಿ ಕ್ಷೇತ್ರದ ಅಂಕಿ ಅರವತ್ತಮೂರು. ಇಪ್ಪತ್ತೇಳರಿಂದ ಅರವತ್ತಮೂರಕ್ಕೆ ಎಷ್ಟು ಪಟ್ಟು ಎಂದು ಭಾಗಿಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದಳು. ಎರಡು ಪಾಯಿಂಟ್ ಮೂರು ಮೂರು.

"ನಾನು ಅಂದುಕೊಂಡಿದ್ದಕ್ಕೆ ಒಂದು ಕೋಟಿ ಮಾತ್ರ ವ್ಯತ್ಯಾಸ!" ಎಂದು ತಂದೆ ತಂಗಿಯ ಕಡೆ ನೋಡಿದರು. "ಕೇಳಿಸ್ತಾ?"

"ಕೇಳಿಸ್ತಪ್ಪ. ಕನ್ನಡಕ ಇಲ್ದೇನೂ ಕೇಳಿಸುತ್ತೆ."

ನಲವತ್ತು ನಕ್ಷೆ ನೋಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮೂವತ್ತೊಂದರಲ್ಲಿ ಪೆನ್ಸಿಲಿನ ಅಂಕಿಗೂ ಈಗಿನದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಅವು ಬೆಳೆದೇ ಇರಲಿಲ್ಲ. ಇದ್ದದ್ದನ್ನು ಕಂತಿನ ಮೇಲೆ ಒಪ್ಪಿಕೊಂಡಿದ್ದರು, ಅಷ್ಟೆ. ಒಂಬತ್ತು ಮಾತ್ರ ಬೇರೆ. ಪೆನ್ಸಿಲು ಮೂವತ್ತು ಎಂದಲ್ಲಿ ಈಗ ಐವತ್ತೆರಡು, ಹನ್ನೊಂದು ಎಂದಲ್ಲಿ ಹತ್ತೊಂಬತ್ತು, ಹೀಗೆ. ಅವು ನಿಜವಾಗಿ ಬೆಳೆದಿದ್ದವು.

"ಒಂಬತ್ತು ತಪ್ಪಿದೆನಾ?" ಎಂದರು ತಂದೆ. ದನಿ ಇಳಿದಿತ್ತು. ಬೆಳೆದ ನಲವತ್ತೂ ತನ್ನ ಪೆನ್ಸಿಲಿನ ಅಂಕಿಯತ್ತಲೇ ಬರುತ್ತಿವೆ ಎಂದು ಇಷ್ಟು ವರ್ಷ ಅವರು ಒಳಗೊಳಗೇ ನಕ್ಕಿದ್ದರು, ಹೋಲಿಸಿ ನೋಡಿರಲಿಲ್ಲ.

"ಅದಲ್ಲಪ್ಪ ಈಗಿನ ತೊಂದರೆ. ಆಧಾರದ ಪುಟದಲ್ಲಿ ನಾನು ಕಾರಣ ಬರೀಬೇಕು."

"ಬರಿ."

"ಏನಂತ ಬರೀಲಿ? 'ಮೊದಲ ಅಂಕಿಗಳನ್ನು ಬೇಕೆಂದೇ ಕಡಿಮೆ ಮಾಡಿ ಕೊಟ್ಟಿದ್ದರು' ಅಂತ ಬರೀಲಾ? ಆ ಪುಟ ಕಂಪನಿಗೂ ಹೋಗುತ್ತೆ."

ತಂದೆ ಅಂಗಿಯ ಕಡೆ ನೋಡಿದರು. ಒಂದು ತೋಳು ನಯವಾಗಿತ್ತು, ಇನ್ನೊಂದು ಸುಕ್ಕಾಗಿತ್ತು.

"ಕಾರು ಬರಲ್ಲ ಹಾಗಾದ್ರೆ," ಎಂದರು.

"ಬರ್ದೇ ಇರಬಹುದು."

"ಬರೀದೇ ಇದ್ರೆ?"

"ನಿಮ್ಮ ಮೂವರ ಹೆದರಿಕೆಯಿಂದ ಜಗತ್ತನ್ನೆಲ್ಲಾ ಗುಣಿಸಿದ ಹಾಗಾಗುತ್ತೆ. ಬೇರೆ ದೇಶಗಳಲ್ಲಿ ಯಾರು ಎಷ್ಟು ಹೆದರಿದ್ರೋ ಯಾರಿಗೆ ಗೊತ್ತು? ಕೆಲವರು ನೂರಿದ್ದಲ್ಲಿ ಧೈರ್ಯವಾಗಿ ನೂರಿಪ್ಪತ್ತೇ ಹೇಳಿ ಕೂತಿರಬಹುದು. ಅದನ್ನೂ ಎರಡು ಪಾಯಿಂಟ್ ನಾಲ್ಕರಿಂದ ಗುಣಿಸಿದೀವಿ. ಆ ಎಣ್ಣೆ ಬರುತ್ತೆ ಅಂತ ನಂಬಿ ಊರಿಗೂರೇ ಕಟ್ಟುತ್ತಾರೆ ಅಪ್ಪ."

ಅತ್ತೆ ತಟ್ಟೆ ಹಾಕುತ್ತ, "ಅಣ್ಣ, ಹದಿನೆಂಟು ವರ್ಷ ಹೋಗಿ ಮಾತಾಡಿದೀಯಲ್ಲ, ಈ ಪೆನ್ಸಿಲ್ ವಿಷಯ ಒಂದ್ಸಲಾನೂ ಹೇಳಲಿಲ್ವಾ?" ಎಂದಳು.

"ಅವರು ಕೇಳಲಿಲ್ಲ."

"ನೀನು ಭಾಷಣ ಮಾಡೋಕೆ ಹೋಗ್ತಿದ್ದೆ. ಅವರು ಕೇಳೋಕೆ ಅಂತ ಕೂತಿದ್ರು. ಇನ್ನು ಯಾರು ಯಾರನ್ನ ಕೇಳ್ಬೇಕಿತ್ತು?"

ತಂದೆ ನಕ್ಷೆಗಳನ್ನು ಸುತ್ತಿ ಕೊಳವೆಗೆ ತುಂಬಿದರು. ಮಗಳು ಕೇಳಿದರೂ ಕೊಡಲಿಲ್ಲ. "ಇವು ನನ್ನವು," ಎಂದರು, ಕಡ್ಡಿ ಮುರಿದಂತೆ. ಊಟದಲ್ಲಿ ಮೂವರೂ ಬಸ್ಸಿನ ಸಮಯದ ಬಗ್ಗೆ ಮಾತ್ರ ಮಾತಾಡಿದರು.

ಸೋಮವಾರ ಅವಳು ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಎರಡು ನಿಮಿಷ ಕಿಟಕಿಯ ಆಚೆ ನೋಡಿದರು. ಆಚೆ ಇನ್ನೊಂದು ಕಚೇರಿಯ ಕಿಟಕಿ ಇತ್ತು. ಅಲ್ಲಿಂದಲೂ ಒಬ್ಬರು ಇತ್ತ ನೋಡುತ್ತಿದ್ದರು.

"ನೀನು ಹೇಳೋದು ನಿಜ ಅಂತಲೇ ಇಟ್ಕೋ. ಪುರಾವೆ ಎಲ್ಲಿ?"

"ಬೀರು ಮೇಲೆ ಸಾರ್."

"ಬೀರು ಮೇಲಿನ ಪುರಾವೆ ಸಚಿವಾಲಯಕ್ಕೆ ಆಗಲ್ಲ. ಕಾಗದ ಇದ್ರೆ ಬುಧವಾರದೊಳಗೆ ತಾ. ಇಲ್ದಿದ್ರೆ ತಂತ್ರಜ್ಞಾನ ಅಂತ ಬರೆದು ಸಹಿ ಹಾಕು. ಸಹಿ ಹಾಕದೇ ಕೂತರೆ ಅದಕ್ಕೂ ಕಾರಣ ಬರೆದುಕೊಡ್ಬೇಕಾಗುತ್ತೆ, ಅದು ಇನ್ನೂ ಉದ್ದದ ಪುಟ."

ಅವಳು ಮಂಗಳವಾರ ತಂದೆಗೆ ಫೋನು ಮಾಡಲಿಲ್ಲ. ಮಾಡಿದರೆ ಕೇಳಬೇಕಾಗುತ್ತಿತ್ತು, ಕೇಳಿದರೆ ಅವರು ಕೊಟ್ಟುಬಿಡಬಹುದಿತ್ತು, ಮಗಳು ಕೇಳಿದಳೆಂದು ಕೊಟ್ಟರೆ ಅದು ಮಗಳು ಕಿತ್ತುಕೊಂಡ ಹಾಗೆ. ಆಧಾರದ ಪುಟವನ್ನು ಮುಂದಿಟ್ಟುಕೊಂಡು ಕೂತಳು. ಅಂಕಿಯಣ್ಣ ಎರಡು ಸಲ ಚಹಾ ತಂದಿಟ್ಟ, ಎರಡು ಸಲವೂ ಆರಿದ್ದನ್ನು ತಾನೇ ಕುಡಿದ.

ಬುಧವಾರ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ತಗಡು ಗೋಡೆಗೆ ಬಡಿಯುವ ಸದ್ದು ಕೇಳಿತು. ಮೊದಲು ಎಂಟು ಕೊಳವೆಗಳ ತುದಿಗಳು ಕಾಣಿಸಿದವು, ಆಮೇಲೆ ಅವುಗಳನ್ನು ತಬ್ಬಿಕೊಂಡ ಮುಕ್ಕಾಲು ಸಾರ್, ಆಮೇಲೆ ಅವರ ಹಿಂದೆ ಏದುತ್ತ ಅತ್ತೆ.

"ಲಿಫ್ಟು ಯಾಕೆ ಇಲ್ಲೀವರೆಗೂ ಬರಲ್ಲ?" ಎಂದಳು ಅತ್ತೆ, ಯಾರಿಗೆಂದಿಲ್ಲದೆ.

"ಕಟ್ಟಡ ಆಮೇಲೆ ಬೆಳೀತು ಅಮ್ಮಾ," ಎಂದ ಅಂಕಿಯಣ್ಣ.

ತಂದೆ ಮಗಳ ಕಡೆ ನೋಡಲಿಲ್ಲ. ನೇರ ಮುಖ್ಯಸ್ಥರ ಮುಂದೆ ನಿಂತು, "ನಾನು ಪುರಾವೆ ಕೊಡೋಕೆ ಬಂದಿಲ್ಲ. ನನಗೆ ಆ ಒಂಬತ್ತು ಕ್ಷೇತ್ರದ ಹೊಸ ನಕ್ಷೆ ತೋರಿಸಿ. ಎಲ್ಲಿ ತಪ್ಪಿದೆ ಅಂತ ನೋಡ್ಬೇಕು. ಮೂರು ದಿನದಿಂದ ನಿದ್ದೆ ಇಲ್ಲ," ಎಂದರು.

"ನಿದ್ದೆ ಇದೆ," ಎಂದಳು ಅತ್ತೆ. "ನಿದ್ದೇಲಿ ಅಂಕಿ ಹೇಳ್ತಾನೆ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ತೋರಿಸ್ತೀವಿ ಸಾರ್. ಹೊಸದನ್ನ ಹಳೇದರ ಪಕ್ಕ ಇಟ್ಟು ನೋಡ್ಬೇಕಾಗುತ್ತೆ. ಹಳೇದು ಇಲ್ಲೇ ಇರಬೇಕಾಗುತ್ತೆ."

"ಗೊತ್ತು. ನನಗೆ ವಯಸ್ಸಾಗಿದೆ, ಬುದ್ಧಿ ಹೋಗಿಲ್ಲ." ತಂದೆ ಜೇಬಿನಿಂದ ಒಂದು ಹಾಳೆ ತೆಗೆದು ಮಗಳ ಮೇಜಿನ ಮೇಲಿಟ್ಟರು. ನಲವತ್ತು ಸಾಲು, ಪ್ರತಿ ಸಾಲಿನಲ್ಲೂ ಎರಡು ಅಂಕಿ: ತಾನು ಅಂದುಕೊಂಡದ್ದು, ತಾನು ಕೊಟ್ಟದ್ದು. ಎರಡನ್ನೂ ಶಾಯಿಯಲ್ಲೇ ಬರೆದಿದ್ದರು. ಕೆಳಗೆ ಸಹಿ, ತಾರೀಖು. "ಮೇಲಿನ ಇಬ್ಬರು ಈಗಿಲ್ಲ. ಅವರ ಹೆಸರು ಹಾಕಬೇಡ. ನಂದು ಹಾಕು."

"ಅಪ್ಪ, ಕಾರು..."

"ಒಂಬತ್ತು ತಪ್ಪು ಮಾಡಿದೋನು ಅಲ್ಲಿ ಹೋಗಿ ಎಂದೂ ತಪ್ಪದವನು ಅಂತ ಹೇಳಿಸ್ಕೊಂಡು ಚಹಾ ಕುಡೀಲಾ? ಗಂಟಲಲ್ಲಿ ಇಳಿಯುತ್ತಾ ಅದು?"

ಪೆನ್ಸಿಲಿನ ವಿಷಯಕ್ಕೆ ಅವರಿಗೆ ನಾಚಿಕೆಯೇ ಇರಲಿಲ್ಲ. ಅದು ಎಚ್ಚರ. ಒಂಬತ್ತು ಮಾತ್ರ ಅವರನ್ನು ತಿನ್ನುತ್ತಿತ್ತು. ಮಗಳಿಗೆ ಇದು ಭಾನುವಾರವೇ ತಿಳಿಯಬೇಕಿತ್ತು.

ಅವಳು ಪುಟದಲ್ಲಿ ಬರೆದಳು: 'ಪಟ್ಟಿಯಲ್ಲಿ ಕಾಣುವ ಬೆಳವಣಿಗೆಯ ಬಹುಪಾಲು ಮೊದಲ ಅಂಕಿಗಳನ್ನು ಮೂರು ಹಂತದಲ್ಲಿ ಕಡಿಮೆ ಮಾಡಿದ್ದರ ಫಲ. ಬೇರೆ ದೇಶಗಳಿಗೆ ಅನ್ವಯಿಸಲು ಆಧಾರವಿಲ್ಲ.' ಮೂಲ ಎಂಬಲ್ಲಿ ತಂದೆಯ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದಳು.

"ಒಂಬತ್ತು ಕ್ಷೇತ್ರದ್ದು ಮಾತ್ರ ತಗೊಂಡು ಹೊಸ ಪಟ್ಟಿ ಮಾಡೋಣವಾ?" ಎಂದರು ಮುಖ್ಯಸ್ಥರು, ಆಸೆಯಿಂದ.

"ಅದು ಮೋಸ ಸಾರ್," ಎಂದ ಅಂಕಿಯಣ್ಣ. "ಬೆಳೀದೇ ಇರೋ ಮೂವತ್ತೊಂದನ್ನೂ ಸೇರಿಸ್ಬೇಕು." ಸಂಜೆಯ ಹೊತ್ತಿಗೆ ಗುಣಾಕಾರ ಮುಗಿಸಿದ. "ಐದೂವರೆ ಸಾವಿರ ಕೋಟಿ. ಆದ್ರೆ ಹೊರಗಿನೋರೂ ಇವರ ಅರ್ಧದಷ್ಟು ಹೆದರಿದ್ರೆ ಮೂವತ್ತು ಸಾವಿರದವರೆಗೂ ಹೋಗಬಹುದು. ತುಂಬಾ ಧೈರ್ಯವಂತರಾಗಿದ್ರೆ ಸೊನ್ನೆ."

"ಸೊನ್ನೆಯಿಂದ ಮೂವತ್ತು! ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲಯ್ಯಾ."

"ನಾವು ಇರೋದೇ ಅಡ್ಡಗೋಡೆ ಮೇಲೆ ಸಾರ್."

ಮುಖ್ಯಸ್ಥರು ಅದನ್ನೇ ಕಳಿಸಿದರು. ಸಚಿವಾಲಯದಿಂದ ಮರುದಿನವೇ ಉತ್ತರ ಬಂತು: ವರದಿ ತಲುಪಿದೆ, ದಯವಿಟ್ಟು ಒಂದೇ ಅಂಕಿ ತಿಳಿಸಿ. ಮುಖ್ಯಸ್ಥರು ಆ ಕಾಗದವನ್ನು ಕಡತಕ್ಕೆ ಹಾಕಿ, ಹದಿನಾಲ್ಕು ತಿಂಗಳು ಅದನ್ನು ಪರಿಶೀಲಿಸುವುದಾಗಿ ಬರೆದರು.

ಕಂಪನಿಯ ಕಾಗದ ಬಂದದ್ದು ಮುಂದಿನ ವಾರ, ತಂದೆಯ ಮನೆಗೆ. ತರಬೇತಿಯ ಹಾಲಿಗೆ ಬಣ್ಣ ಬಳಿಯಿಸುತ್ತಿರುವುದರಿಂದ ಈ ಸಲ ಭಾಷಣ ಇರುವುದಿಲ್ಲ, ಅನಾನುಕೂಲಕ್ಕೆ ವಿಷಾದವಿದೆ. ಎರಡು ದಿನ ಅವರು ಇಸ್ತ್ರಿಯಾದ ಅಂಗಿಯನ್ನು ಬೀರುವಿನಲ್ಲಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಮೂರನೆಯ ದಿನ ಅದನ್ನು ಹಾಕಿಕೊಂಡು ಹದಿನೆಂಟು ಮೆಟ್ಟಿಲು ಹತ್ತಿ ಬಂದು ಮಗಳ ಎದುರಿನ ಕುರ್ಚಿಯಲ್ಲಿ ಕೂತರು.

ಕಾಗದ ಬರುವ ಮೊದಲೇ ಅಲ್ಲಿ ಕೂತು ನೋಡಿದ್ದರಿಂದ ಒಂಬತ್ತರಲ್ಲಿ ಎಂಟರ ತಪ್ಪು ಸಿಕ್ಕಿತ್ತು. ಆರು ಕಡೆ ಅವರ ಕಾಲದಲ್ಲಿ ಇಲ್ಲದ ಯಂತ್ರ. ಅದು ತನ್ನ ತಪ್ಪಲ್ಲ ಎಂದು ಸಮಾಧಾನದಿಂದ ಬದಿಗಿಟ್ಟಿದ್ದರು. ಎರಡು ಕಡೆ ಸೋಮಾರಿತನ. ಅದನ್ನು ಒಪ್ಪಿಕೊಂಡು ನಕ್ಷೆಯ ಬೆನ್ನಿಗೆ ಹಾಗೆಂದೇ ಬರೆದಿದ್ದರು. ಉಳಿದದ್ದು ಒಂದು. ನಕ್ಷೆಯ ನಡುವೆ ಅವರು ಕಲ್ಲಿನ ಬಿರುಕೊಂದನ್ನು ದಪ್ಪ ಗೆರೆಯಲ್ಲಿ ಎಳೆದು, ಅದರಾಚೆ ಎಣ್ಣೆ ಇಲ್ಲ ಎಂದು ಬಿಟ್ಟಿದ್ದರು. ಎಣ್ಣೆ ಆಚೆಯೂ ಇತ್ತು.

"ಈ ಗೆರೆ ಯಾಕೆ ಎಳೆದೆ ನಾನು?" ಎಂದರು.

"ಇಲ್ಲಿ ಬಾವಿ ಒಣಗಿ ಬಂದಿತ್ತಲ್ಲ ಅಪ್ಪ, ಅದಕ್ಕಿರಬೇಕು."

"ಒಂದು ಬಾವಿ ಒಣಗಿದ್ರೆ ಗೆರೆ ಎಳೆಯೋನಲ್ಲ ನಾನು. ಆ ಬಾವಿ ಕೊರೆದಾಗ ಅಳತೆ ಬರೆದಿಟ್ಟ ಸುರುಳಿ ಇದೆಯಾ? ಕೊಡು ಇಲ್ಲಿ. ನೀನು ನಕ್ಷೆಯ ಈ ಮೂಲೆ ಹಿಡ್ಕೋ, ಸುತ್ಕೊಳ್ತಾ ಇದೆ."

ಮಗಳು ತನ್ನ ಕೆಲಸ ಬದಿಗಿಟ್ಟು ಮೂಲೆ ಹಿಡಿದಳು. ತಂದೆ ಮುಂದಕ್ಕೆ ಬಾಗಿ, ಗೆರೆಯ ಉದ್ದಕ್ಕೂ ಬೆರಳಾಡಿಸುತ್ತ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅಂಕಿಯನ್ನು ಜೋರಾಗಿ ಓದತೊಡಗಿದರು.